ಮೊದಲು ಬಾಕಿ ಕೊಡಿ, ಆಮೇಲೆ ಊಟ ಹಾಕಿಸಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ವರ್ಷ ಚೆನ್ನಾಗಿರಲಿಲ್ಲ, ಕೆಲಸದವರು ಕೈಬಿಡಲಿಲ್ಲ, ಈಗ ಅವರಿಗೆ ಏನು ಮಾಡೋದು ಅಂತ. ಕೆಲಸ ಮಾಡುವವರ ಕಡೆಯಿಂದಲೂ ಪತ್ರ ಬಂದಿದೆ, ಅದನ್ನೂ ಹಾಕಿದ್ದೇನೆ. ಹೆಸರು ಬೇಡ ಅಂತ ಎಲ್ಲರೂ ಕೇಳಿಕೊಂಡಿದ್ದರಿಂದ ಊರು ಮಾತ್ರ ಕೊಟ್ಟಿದ್ದೇನೆ.

ಪ್ರಶ್ನೆ: ಪೀಣ್ಯದಲ್ಲಿ ನನ್ನದೊಂದು ಚಿಕ್ಕ ಮಷಿನ್ ಶಾಪ್ ಇದೆ. 26 ಜನ ಇದ್ದರು, ಈಗ 22. ನಾವು ಪಾರ್ಟ್ಸ್ ಮಾಡಿಕೊಡುವ ಕಂಪನಿ ಅಮೆರಿಕಕ್ಕೆ ಮಾಲು ಕಳಿಸುತ್ತದೆ. 2025ರ ಆಗಸ್ಟ್ ಕೊನೆಯಲ್ಲಿ ಅಲ್ಲಿ ಸುಂಕ 50 ಪರ್ಸೆಂಟ್ ಆದ ಮೇಲೆ ಆರ್ಡರ್ ಅರ್ಧಕ್ಕೆ ಇಳಿಯಿತು. ಅಕ್ಟೋಬರ್‌ನಲ್ಲಿ ಸಂಬಳ ಜಾಸ್ತಿ ಮಾಡುತ್ತೇನೆ ಅಂದಿದ್ದೆ, ಆಗಲಿಲ್ಲ. ದೀಪಾವಳಿಗೆ ಅರ್ಧ ಬೋನಸ್ ಕೊಟ್ಟು ಉಳಿದದ್ದು ಆಮೇಲೆ ಅಂದೆ. ನಾಲ್ಕು ಜನರನ್ನು ಕೆಲಸದಿಂದ ಬಿಡಿಸಬೇಕಾಯಿತು. ಉಳಿದವರು ಬಾಯಿಬಿಟ್ಟು ಏನೂ ಹೇಳಿಲ್ಲ, ಕೆಲಸವನ್ನೂ ಕೆಡಿಸಿಲ್ಲ. ವರ್ಷದ ಕೊನೆಗೆ ಒಂದು ಒಳ್ಳೆ ಹೋಟೆಲ್‌ನಲ್ಲಿ ಊಟ ಹಾಕಿಸಿ, ಎಲ್ಲರಿಗೂ ಕಂಪನಿ ಹೆಸರಿರುವ ಗೋಡೆ ಗಡಿಯಾರ ಕೊಡೋಣ ಅಂತಿದ್ದೇನೆ. ಸರಿ ಅನ್ನಿಸುತ್ತದಾ? (ಬೆಂಗಳೂರು)

ಉತ್ತರ: ಸರ್, ಹೋಟೆಲ್ ಊಟ, ಗಡಿಯಾರ ಎರಡನ್ನೂ ನಿಲ್ಲಿಸಿ. ಆ ದುಡ್ಡನ್ನೂ ಸೇರಿಸಿ ಮೊದಲು ಉಳಿದ ಅರ್ಧ ಬೋನಸ್ ಕೊಡಿ.

ನೀವು ಒಳ್ಳೆ ಮನಸ್ಸಿನಿಂದಲೇ ಕೇಳಿದ್ದೀರಿ, ಪತ್ರ ಓದಿದರೆ ಗೊತ್ತಾಗುತ್ತದೆ. ಆದರೆ ಲೇತ್ ಮುಂದೆ ನಿಂತಿರುವವರ ಜಾಗದಲ್ಲಿ ನಿಂತು ಒಂದು ಸಲ ನೋಡಿ. ಬರಬೇಕಾದ ದುಡ್ಡು ಬಂದಿಲ್ಲ. ಯಾವಾಗ ಬರುತ್ತದೆ ಅಂತಲೂ ಗೊತ್ತಿಲ್ಲ. ಮಗಳ ಫೀಸಿಗೋ, ಚೀಟಿಯ ಕಂತಿಗೋ, ಊರಲ್ಲಿ ಮಾಡಿದ ಸಾಲದ ಬಡ್ಡಿಗೋ ಅಂತ ಆ ದುಡ್ಡಿಗೆ ಆಗಲೇ ಒಂದು ಲೆಕ್ಕ ಹಾಕಿಟ್ಟುಕೊಂಡಿದ್ದಾರೆ. ಅಂಥ ಹೊತ್ತಿನಲ್ಲಿ ಮಾಲೀಕರು ಹೋಟೆಲ್‌ಗೆ ಕರೆದುಕೊಂಡು ಹೋದರೆ, ಪಾಪ, ಅವರು ಊಟ ಮಾಡುತ್ತಲೇ ಒಂದು ಎಲೆಗೆ ಎಷ್ಟಾಗಿರಬಹುದು, 22 ಎಲೆಗೆ ಎಷ್ಟು ಅಂತ ಮನಸ್ಸಿನಲ್ಲೇ ಗುಣಿಸುತ್ತಿರುತ್ತಾರೆ. ಗಡಿಯಾರ ಮನೆಗೆ ಹೋದ ತಕ್ಷಣ ಹೆಂಡತಿ ಕೇಳುವ ಮೊದಲ ಮಾತು "ಬೋನಸ್ ಏನಾಯ್ತು?" ಅಂತಲೇ.

ಇನ್ನೊಂದು ವಿಷಯ. 20 ಮತ್ತು ಅದಕ್ಕಿಂತ ಜಾಸ್ತಿ ಜನ ಇರುವ ಕಡೆ ಬೋನಸ್ ಅನ್ನೋದು ಮಾಲೀಕರು ಖುಷಿಯಿಂದ ಕೊಡುವ ಉಡುಗೊರೆ ಅಲ್ಲ. 1965ರ ಬೋನಸ್ ಕಾಯ್ದೆಯಿಂದ ಅದು ಹಕ್ಕು. 2025ರ ನವೆಂಬರ್ 21ರಿಂದ ವೇತನ ಸಂಹಿತೆ ಅನ್ನೋ ಹೊಸ ಕಾನೂನು ಜಾರಿಗೆ ಬಂದು ಆ ಕಾಯ್ದೆ ಅದರೊಳಗೆ ಸೇರಿಕೊಂಡಿದೆ, ಆದರೆ ಮುಖ್ಯ ಲೆಕ್ಕ ಬದಲಾಗಿಲ್ಲ. ವರ್ಷದ ಸಂಬಳದ ಮೇಲೆ ಕನಿಷ್ಠ 8.33 ಪರ್ಸೆಂಟ್, ಗರಿಷ್ಠ 20. ವರ್ಷದಲ್ಲಿ 30 ದಿನ ಕೆಲಸ ಮಾಡಿದ್ದರೂ ಸಾಕು, ಸಂಬಳದ ಮಿತಿಯೊಳಗೆ ಬರುವವರಿಗೆಲ್ಲ ಸಿಗಬೇಕು. ಆ ಕನಿಷ್ಠವನ್ನು ಲಾಭ ಬಂದಿರಲಿ ಬಿಡಲಿ ಕೊಡಲೇಬೇಕು. ಲೆಕ್ಕದ ವರ್ಷ ಮುಗಿದ ಎಂಟು ತಿಂಗಳೊಳಗೆ ಕೊಡಬೇಕು, ಅಂದರೆ ಮಾರ್ಚ್ 31ಕ್ಕೆ ಲೆಕ್ಕ ಮುಗಿಸುವವರಿಗೆ ನವೆಂಬರ್ 30 ಕೊನೆ ದಿನ. ನಿಮ್ಮದು ಆಗಲೇ ತಡವಾಗಿದೆ. ಮತ್ತೆ, ಈ ಬೋನಸ್ ಕಳೆದ ಮಾರ್ಚ್‌ಗೆ ಮುಗಿದ ವರ್ಷದ್ದು, ಸುಂಕ ಏರುವುದಕ್ಕೆ ಮುಂಚಿನದ್ದು. ನಿಮ್ಮ ಅಕೌಂಟೆಂಟ್ ಜೊತೆ ಇವತ್ತೇ ಕೂತು ತಲಾ ಎಷ್ಟು ಬಾಕಿ ಅಂತ ಬರೆದುಕೊಳ್ಳಿ.

ಬಾಕಿಗೆ ಕಾಯೋದು ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ನಿಮ್ಮಂಥ ಚಿಕ್ಕ ಘಟಕಗಳಿಗೆ ದೊಡ್ಡ ಕಂಪನಿಗಳು ಜಾಸ್ತಿ ಅಂದರೆ 45 ದಿನದೊಳಗೆ ಬಿಲ್ ಚುಕ್ತಾ ಮಾಡಬೇಕು ಅಂತ 2006ರ ಎಂಎಸ್ಎಂಇ ಕಾಯ್ದೆ ಹೇಳುತ್ತದೆ. ಎಷ್ಟು ಜನ ಮಾಡುತ್ತಾರೆ? ಬಿಲ್ ತಿಂಗಳುಗಟ್ಟಲೆ ತಡೆದಿಟ್ಟು, ಹೊಸ ವರ್ಷಕ್ಕೆ ಚಂದದ ಡೈರಿ, ಡ್ರೈಫ್ರೂಟ್ಸ್ ಡಬ್ಬಿ ಕಳಿಸುತ್ತಾರಲ್ಲ, ಅದನ್ನು ಕೈಗೆ ತಗೊಂಡಾಗ ನಿಮಗೆ ಏನನ್ನಿಸುತ್ತದೋ ನಿಮ್ಮ ಹುಡುಗರಿಗೂ ಅದೇ ಅನ್ನಿಸುತ್ತದೆ.

ಒಂದೇ ಸಲ ಕೊಡಲು ಕೈಯಲ್ಲಿ ಇಲ್ಲ ಅಂದರೆ ತಾರೀಕು ಕೊಡಿ. ಜನವರಿ 10ಕ್ಕೆ ಇಷ್ಟು, ಫೆಬ್ರವರಿ 10ಕ್ಕೆ ಇಷ್ಟು ಅಂತ ಬರೆದು, ಸಹಿ ಹಾಕಿ, ನೋಟಿಸ್ ಬೋರ್ಡಿಗೆ ಅಂಟಿಸಿ. ಇದರಿಂದ ಕಾನೂನಿನ ಗಡುವು ಮುಂದಕ್ಕೆ ಹೋಗಲ್ಲ, ಆದರೆ ಜನರಿಗೆ ಲೆಕ್ಕ ಹಾಕಲು ಒಂದು ದಿನ ಸಿಗುತ್ತದೆ. ಆ ತಾರೀಕು ಮಾತ್ರ ತಪ್ಪಬೇಡಿ. ಒಂದು ಸಲ ಮಾತು ಹೋಗಿದೆ, ಎರಡನೇ ಸಲ ಹೋದರೆ ಮತ್ತೆ ಬರಲ್ಲ.

ಆಮೇಲೆ ಶಿಫ್ಟ್ ಬದಲಾಗುವ ಹೊತ್ತಿಗೆ ಎಲ್ಲರನ್ನೂ ನಿಲ್ಲಿಸಿಕೊಂಡು ನಿಜ ಹೇಳಿ. ಎಷ್ಟು ಆರ್ಡರ್ ಇದೆ, ಎಷ್ಟು ತಿಂಗಳಿಗೆ ಸಾಕಾಗುತ್ತದೆ, ಇನ್ನೂ ಯಾರನ್ನಾದರೂ ಬಿಡಿಸುವ ಯೋಚನೆ ಇದೆಯಾ, ಸಂಬಳದ ವಿಷಯ ಮತ್ತೆ ಯಾವಾಗ ಮಾತಾಡೋಣ. ನೀವು ಹೇಳದಿದ್ದರೆ ಅವರು ಟೀ ಅಂಗಡಿ ಮುಂದೆ ಇದಕ್ಕಿಂತ ಕೆಟ್ಟದ್ದನ್ನೇ ಮಾತಾಡಿಕೊಂಡಿರುತ್ತಾರೆ. ಕೆಟ್ಟ ಸುದ್ದಿಯಾದರೂ ನಿಮ್ಮ ಬಾಯಿಂದಲೇ ಬಂದರೆ ಅದರಲ್ಲೊಂದು ಮರ್ಯಾದೆ ಇದೆ.

ಇಷ್ಟಾದ ಮೇಲೆ ಥ್ಯಾಂಕ್ಸ್ ಹೇಳಿ, ಒಬ್ಬೊಬ್ಬರಿಗೂ ಬೇರೆ ಬೇರೆ. "ನೀವೆಲ್ಲ ತುಂಬಾ ಕಷ್ಟಪಟ್ಟಿದ್ದೀರಿ" ಅನ್ನೋ ಮಾತು ಯಾರಿಗೂ ತಾಕಲ್ಲ, ಅದು ಎಲ್ಲರಿಗೂ ಹೇಳಿದ ಮಾತು. ನಾನು ಹಲವು ವರ್ಷ ಒಂದು ಕಾರ್ಖಾನೆಯ ಪರ್ಸನಲ್ ವಿಭಾಗದಲ್ಲಿ ಕೆಲಸ ಮಾಡಿದವನು. ಜನ ಇಟ್ಟುಕೊಳ್ಳುವ ಕಾಗದ ಯಾವುದು, ಗೇಟ್ ಹೊರಗೆ ಹರಿದು ಹಾಕುವ ಕಾಗದ ಯಾವುದು ಅಂತ ನೋಡಿದ್ದೇನೆ. ಇಟ್ಟುಕೊಳ್ಳುವ ಕಾಗದದಲ್ಲಿ ಅವರು ಮಾಡಿದ ಕೆಲಸ ಇರುತ್ತದೆ. ಹೀಗೆ ಬರೆಯಿರಿ:

"ಜೂನ್‌ನಲ್ಲಿ ಫ್ಲೇಂಜ್ ಲಾಟ್ ಪೂರ್ತಿ ರಿಜೆಕ್ಟ್ ಆಗಿ ವಾಪಸ್ ಬಂದಾಗ, ಬೋರ್ ಸೈಜ್ ಯಾಕೆ ಹೆಚ್ಚುಕಮ್ಮಿ ಆಗುತ್ತಿದೆ ಅಂತ ಯಾರಿಗೂ ಗೊತ್ತಾಗಲಿಲ್ಲ. ಫಿಕ್ಸ್ಚರ್‌ನ ಒಂದು ಪಿನ್ ಸವೆದಿದೆ ಅಂತ ಕಂಡುಹಿಡಿದವರು ನೀವು. ಆ ರಾತ್ರಿ ನೀವು ಮನೆಗೆ ಹೋಗಿದ್ದರೆ ಆ ಗಿರಾಕಿ ನಮ್ಮ ಕೈಬಿಡುತ್ತಿದ್ದರು. ಇದನ್ನು ನಾನು ಮರೆತಿಲ್ಲ."

ನಾಲ್ಕೇ ಸಾಲು ಸಾಕು. ಕೈಯಲ್ಲೇ ಬರೆಯಿರಿ, ಅವರು ಓದುವ ಭಾಷೆಯಲ್ಲಿ ಬರೆಯಿರಿ. ರಾಯಚೂರು, ಕಲಬುರಗಿ ಕಡೆಯಿಂದ ಬಂದವರಿಗೆ ಕನ್ನಡದಲ್ಲಿ, ಬಿಹಾರದ ಹುಡುಗನಿಗೆ ಹಿಂದಿ ಬರುವವರ ಕೈಯಲ್ಲಿ ಬರೆಸಿ. ಕಾಗದ ಮನೆಗೆ ಹೋಗುತ್ತದೆ, ಅಪ್ಪ ಅಮ್ಮ, ಮಕ್ಕಳು ಓದುತ್ತಾರೆ. ಒಬ್ಬರ ಬಗ್ಗೆ ಬರೆಯಲು ಏನೂ ನೆನಪಾಗದಿದ್ದರೆ ಸೂಪರ್‌ವೈಸರ್ ಹತ್ತಿರ ಕೇಳಿ, ಅವರಿಗೆ ಖಂಡಿತ ಗೊತ್ತಿರುತ್ತದೆ. ಮಷಿನ್ ಕೆಳಗೆ ಬೀಳುವ ಲೋಹದ ಚೂರು ಗುಡಿಸುವವರು, ಟೆಂಪೋಗೆ ಲೋಡ್ ಮಾಡುವ ಹೆಲ್ಪರ್, ರಾತ್ರಿ ಗೇಟಿನಲ್ಲಿ ಕೂರುವ ಸೆಕ್ಯೂರಿಟಿ, ಇವರನ್ನು ಬಿಡಬೇಡಿ. ಸೆಕ್ಯೂರಿಟಿ ಏಜೆನ್ಸಿಯವರು ಅಂತ ಪಟ್ಟಿಯಿಂದ ತೆಗೆಯುವುದು ಎಲ್ಲ ಕಡೆ ನಡೆಯುತ್ತದೆ, ಅದನ್ನು ನೋಡಿದರೆ ನನಗೆ ತುಂಬಾ ಬೇಜಾರಾಗುತ್ತದೆ.

ಬಿಡಿಸಿದ ಆ ನಾಲ್ಕು ಜನರ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ. ನನಗೆ ಇಡೀ ಪತ್ರದಲ್ಲಿ ಜಾಸ್ತಿ ಮುಖ್ಯ ಅನ್ನಿಸಿದ್ದು ಅದೇ. ಅವರಿಗೂ ಬೋನಸ್ ಬಾಕಿ ಇದೆ, ಕೆಲಸ ಬಿಟ್ಟರು ಅಂತ ಅದು ಹೋಗಲ್ಲ. ವರ್ಷಕ್ಕಿಂತ ಜಾಸ್ತಿ ಇದ್ದವರಾದರೆ, ಸರ್ವಿಸ್ ಆದ ಪ್ರತಿ ವರ್ಷಕ್ಕೆ 15 ದಿನದ ಸಂಬಳದಂತೆ ಪರಿಹಾರವೂ ಕೊಡಬೇಕು. ಕೊಟ್ಟಿದ್ದೀರಾ ನೋಡಿ. ಫೋನ್ ಮಾಡಿ ಕರೆಸಿ, ಲೆಕ್ಕ ಚುಕ್ತಾ ಮಾಡಿ, ಒಳ್ಳೆ ಎಕ್ಸ್‌ಪೀರಿಯನ್ಸ್ ಸರ್ಟಿಫಿಕೇಟ್ ಕೊಡಿ, ಪೀಣ್ಯದಲ್ಲೇ ನಿಮಗೆ ಗೊತ್ತಿರುವ ನಾಲ್ಕು ಶಾಪ್‌ಗಳಿಗೆ ಅವರ ಬಗ್ಗೆ ಹೇಳಿ. ಹೋದವರನ್ನು ಹೇಗೆ ಕಳಿಸಿಕೊಟ್ಟಿರಿ ಅಂತ ಉಳಿದ 22 ಜನ ನೋಡುತ್ತಲೇ ಇದ್ದಾರೆ. ನಾಳೆ ತಮ್ಮ ಸರದಿ ಬಂದರೆ ಹೇಗೆ ಅಂತ ಅವರಿಗೆ ಅಲ್ಲೇ ಉತ್ತರ ಸಿಗುತ್ತದೆ.

ದುಡ್ಡು ಜಾಸ್ತಿ ಬೇಡದ ಇನ್ನೊಂದು ಕೆಲಸ ಹೇಳುತ್ತೇನೆ. ಕರ್ನಾಟಕ ಕಾರ್ಮಿಕ ಕಲ್ಯಾಣ ಮಂಡಳಿಗೆ ಪ್ರತಿ ವರ್ಷ ಕಾರ್ಮಿಕರದ್ದೂ ಮಾಲೀಕರದ್ದೂ ವಂತಿಗೆ ಕಟ್ಟಬೇಕು, ಡಿಸೆಂಬರ್ ಸಂಬಳದಲ್ಲಿ ಹಿಡಿದು ಜನವರಿ 15ರೊಳಗೆ. ತಲೆಗೆ ಬೀಳುವುದು ತೀರಾ ಚಿಕ್ಕ ಮೊತ್ತ. ಅದು ಸರಿಯಾಗಿ ಕಟ್ಟಿದ್ದರೆ ಕಾರ್ಮಿಕರ ಮಕ್ಕಳಿಗೆ ಹೈಸ್ಕೂಲ್‌ನಿಂದ ಮೇಲೆ ಓದಲು ಮಂಡಳಿಯಿಂದ ಸಹಾಯಧನ ಸಿಗುತ್ತದೆ. ಎಷ್ಟೋ ಜನರಿಗೆ ಇದು ಗೊತ್ತೇ ಇರಲ್ಲ, ಗೊತ್ತಿದ್ದವರೂ ಅರ್ಜಿಗೆ ಕಾರ್ಖಾನೆಯವರ ದೃಢೀಕರಣ ಸಿಗದೆ ಸುಮ್ಮನಾಗುತ್ತಾರೆ. ನಿಮ್ಮ ಆಫೀಸಿನ ಹುಡುಗಿಯನ್ನು ಒಂದು ಮಧ್ಯಾಹ್ನ ಇದಕ್ಕೆ ಕೂರಿಸಿ, ಯಾರ ಮಕ್ಕಳು ಯಾವ ಕ್ಲಾಸು ಅಂತ ಬರೆಸಿ, ಅರ್ಜಿ ಕರೆದಾಗ ನೀವೇ ಹಾಕಿಸಿಕೊಡಿ.

ಊಟ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಬಾಕಿ ಕೈಸೇರಿದ ಮೇಲೆ ಶಾಪ್‌ನಲ್ಲೇ ಹಾಕಿಸಿ. ಆಯುಧಪೂಜೆ ದಿನ ಮಷಿನ್‌ಗೆಲ್ಲ ಕುಂಕುಮ ಇಟ್ಟು, ಬೂದುಗುಂಬಳಕಾಯಿ ಒಡೆದು, ಕಡ್ಲೆಪುರಿ ಹಂಚಿ, ನೀವೂ ಅವರ ಜೊತೆಗೇ ನೆಲದ ಮೇಲೆ ಕೂರುತ್ತೀರಲ್ಲ, ಹಾಗೆ. ಮನೆಯವರನ್ನೂ ಕರೆಯಿರಿ. ತಾನು ನಿಲ್ಲುವ ಮಷಿನ್ ಯಾವುದು ಅಂತ ಅಪ್ಪ ಮಗನಿಗೆ ತೋರಿಸಲಿ.

ಪ್ರಶ್ನೆ: ನಾನು ಐಟಿ ಕಂಪನಿಯಲ್ಲಿ ಟೀಮ್ ಲೀಡ್. ನನ್ನ ಕೆಳಗೆ ಒಂಬತ್ತು ಜನ. ಈ ವರ್ಷ ಇಬ್ಬರು ಬಿಟ್ಟುಹೋದ ಜಾಗಕ್ಕೆ ಯಾರನ್ನೂ ತಗೊಳ್ಳಲಿಲ್ಲ, ಅವರ ಕೆಲಸವನ್ನೂ ನಾವೇ ಮಾಡಿದೆವು. ಶನಿವಾರ, ಭಾನುವಾರ ಅಂತ ಇರಲಿಲ್ಲ. ಸಂಬಳ ಹೆಚ್ಚಿಸೋದು ನನ್ನ ಕೈಯಲ್ಲಿಲ್ಲ. ಟೀಮಿಗೆ ಅಂತ ಕೊಟ್ಟಿರುವ ಬಜೆಟ್‌ನಲ್ಲಿ ತಲೆಗೊಂದು ಪಿಜ್ಜಾ ಬರುತ್ತದೆ ಅಷ್ಟೇ. ನಾನು ಏನು ಮಾಡಬಹುದು? (ಬೆಂಗಳೂರು)

ಉತ್ತರ: ನಿಮ್ಮ ಕೈಯಲ್ಲಿ ದುಡ್ಡಿಲ್ಲ, ಆದರೆ ಎರಡು ವಿಷಯ ಇವೆ. ಒಂದು ರಜೆ, ಇನ್ನೊಂದು ಅವರ ಹೆಸರು.

ರಜೆ ಮೊದಲು. ಡಿಸೆಂಬರ್ ಮುಗಿದರೆ ಲ್ಯಾಪ್ಸ್ ಆಗುವ ರಜೆ ನಿಮ್ಮ ಟೀಮಿನಲ್ಲಿ ಯಾರ್‍ಯಾರ ಹತ್ತಿರ ಎಷ್ಟಿದೆ ಅಂತ ಇವತ್ತೇ ತೆಗೆದು ನೋಡಿ. ಅವರು ಕೇಳಲಿ ಅಂತ ಕಾಯಬೇಡಿ, ವರ್ಷವಿಡೀ ಕೇಳಿ ಕೇಳಿ "ರಿಲೀಸ್ ಆಗಲಿ" ಅನ್ನಿಸಿಕೊಂಡವರು ಈಗ ಕೇಳಲ್ಲ. ನೀವೇ ಕ್ಯಾಲೆಂಡರ್ ಮಾಡಿ, ಇವರು ಈ ವಾರ, ಅವರು ಆ ವಾರ ಅಂತ ಹಂಚಿ. ರಜೆಯಲ್ಲಿರುವವರ ಫೋನ್‌ಗೆ ಯಾರೂ ಕರೆ ಮಾಡಬಾರದು, ಏನಿದ್ದರೂ ನನಗೆ ಮಾಡಿ ಅಂತ ಗ್ರೂಪ್‌ನಲ್ಲಿ ಹಾಕಿ. ಹಾಕಿದ ಮೇಲೆ ನೀವೂ ಹಾಗೇ ನಡೆದುಕೊಳ್ಳಿ. ವಾರಾಂತ್ಯಕ್ಕೆ ಕೆಲಸ ಮಾಡಿದ್ದಕ್ಕೆ ಕಾಂಪ್ ಆಫ್, ಅಂದರೆ ಬದಲಿ ರಜೆ, ಬಾಕಿ ಇದ್ದರೆ ಅದನ್ನೂ ಲೆಕ್ಕಕ್ಕೆ ತಗೊಳ್ಳಿ.

ಹೆಸರಿನ ವಿಷಯ ಹೀಗೆ. ನಿಮ್ಮ ಮೇಲಿನವರಿಗೆ ನೀವು ಕೊಡುವ ವರ್ಷದ ವರದಿಯಲ್ಲಿ "ನಮ್ಮ ಟೀಮ್ ಮಾಡಿತು" ಅಂತ ಬರೆಯಬೇಡಿ. ಯಾರು ಏನು ಮಾಡಿದರು ಅಂತ ಹೆಸರು ಹಾಕಿ ಬರೆಯಿರಿ, ಅವರನ್ನೂ ಆ ಮೇಲ್‌ನಲ್ಲಿ ಸೇರಿಸಿ. ಅಪ್ರೈಸಲ್ ಮೀಟಿಂಗ್‌ನಲ್ಲಿ ಪರ್ಸೆಂಟ್ ಹಂಚುವಾಗ ಆ ಮೇಲ್ ಎದುರಿಗಿಟ್ಟು ಜಗಳ ಮಾಡಿ. ಗೆಲ್ಲದಿದ್ದರೂ ಪರವಾಗಿಲ್ಲ, ತಮ್ಮ ಪರವಾಗಿ ಯಾರೋ ಮಾತಾಡಿದರು ಅಂತ ಅವರಿಗೆ ಗೊತ್ತಾಗುತ್ತದೆ. ಎರಡು ಜಾಗ ಖಾಲಿ ಇಟ್ಟು ಒಂಬತ್ತು ಜನರಿಂದ ಹನ್ನೊಂದು ಜನರ ಕೆಲಸ ತೆಗೆಸಿದ್ದು ಮುಂದಿನ ವರ್ಷ ನಡೆಯಲ್ಲ ಅನ್ನೋದನ್ನೂ ಅದೇ ಮೇಲ್‌ನಲ್ಲಿ ಹೇಳಿ.

ಪಿಜ್ಜಾ ತರಿಸಿ, ತಪ್ಪೇನಿಲ್ಲ. ಆದರೆ ಆಫೀಸ್ ಹೊತ್ತಿನಲ್ಲೇ ತಿನ್ನಿ, ಶುಕ್ರವಾರ ರಾತ್ರಿ ನಿಲ್ಲಿಸಿಕೊಳ್ಳಬೇಡಿ. ನಾವೆಲ್ಲ ಒಂದೇ ಫ್ಯಾಮಿಲಿ ಅನ್ನೋ ಭಾಷಣ ದಯವಿಟ್ಟು ಬೇಡ, ಅವರಿಗೆ ಮನೆಯಲ್ಲಿ ಫ್ಯಾಮಿಲಿ ಕಾಯುತ್ತಿದೆ.

ಪ್ರಶ್ನೆ: ನನ್ನದು ದರ್ಶಿನಿ. ಅಡುಗೆ ಭಟ್ಟರು ಕುಂದಾಪುರದ ಕಡೆಯವರು, ಸಪ್ಲೈ ಮತ್ತು ಕ್ಲೀನಿಂಗ್ ಹುಡುಗರು ಒಡಿಶಾ, ಅಸ್ಸಾಂನವರು. ಗ್ಯಾಸ್, ಕಾಫಿಪುಡಿ, ಬಾಡಿಗೆ ಎಲ್ಲ ಏರಿ ಈ ವರ್ಷ ಉಳಿದದ್ದು ಕಡಿಮೆ. ಸೂರತ್‌ನ ಯಾರೋ ವಜ್ರದ ವ್ಯಾಪಾರಿ ಕೆಲಸದವರಿಗೆ ಕಾರು ಕೊಟ್ಟ ವಿಡಿಯೋ ಹುಡುಗರು ನೋಡುತ್ತಿರುತ್ತಾರೆ. ನಾನೇನು ಕೊಡಲಿ? (ಮೈಸೂರು)

ಉತ್ತರ: ಹೌದು, ಸೂರತ್‌ನ ಸವ್ಜಿ ಧೋಲಾಕಿಯಾ 2018ರ ದೀಪಾವಳಿಗೆ 600 ಕಾರು ಕೊಟ್ಟಿದ್ದು ದೊಡ್ಡ ಸುದ್ದಿ ಆಗಿತ್ತು. ಅದನ್ನು ಬಿಡಿ. ನಿಮ್ಮ ಹುಡುಗರಿಗೆ ಬೇಕಾಗಿರೋದು ಊರಿಗೆ ಹೋಗಿಬರೋದು.

ಬೆಂಗಳೂರಿನಿಂದ ಗುವಾಹಟಿಗೆ ರೈಲಿನಲ್ಲಿ ಎರಡು ದಿನಕ್ಕೂ ಜಾಸ್ತಿ. ರಿಸರ್ವೇಶನ್ ಇಲ್ಲದೆ ಜನರಲ್ ಬೋಗಿಯಲ್ಲಿ ಬಾಗಿಲ ಹತ್ತಿರ ಕೂತು ಹೋಗುವವರು ಯಾರು ಅಂತ ಒಂದು ಸಲ ನಿಮ್ಮ ಹುಡುಗರನ್ನೇ ಕೇಳಿ ನೋಡಿ. 2024ರ ನವೆಂಬರ್‌ನಿಂದ ರೈಲ್ವೆಯಲ್ಲಿ ಮುಂಗಡ ಬುಕಿಂಗ್ 60 ದಿನ ಮುಂಚೆ ತೆರೆಯುತ್ತದೆ, ಮೊದಲು 120 ದಿನ ಇತ್ತು. ಹಬ್ಬದ ಕಾಲದಲ್ಲಿ ತೆರೆದ ಕೂಡಲೇ ಮುಗಿದುಹೋಗುತ್ತದೆ. ಹೋಟೆಲ್‌ಗಳಲ್ಲಿ ಹೆಚ್ಚಾಗಿ ಏನಾಗುತ್ತದೆ? ರಜೆ ಕೇಳಿದರೆ "ನೋಡೋಣ" ಅಂತಾರೆ, ವಾರ ಮುಂಚೆ ಹೂಂ ಅಂತಾರೆ. ಅಷ್ಟೊತ್ತಿಗೆ ಟಿಕೆಟ್ ಎಲ್ಲಿರುತ್ತದೆ?

ಅದಕ್ಕೇ ಮುಂದಿನ ವರ್ಷ ಯಾರು ಯಾವಾಗ ಊರಿಗೆ ಅನ್ನೋ ಪಟ್ಟಿಯನ್ನು ಈಗಲೇ ಅವರ ಜೊತೆ ಕೂತು ಮಾಡಿ. ಅಸ್ಸಾಂನ ಬಿಹು, ಒಡಿಶಾದ ರಜ ಹಬ್ಬ, ದುರ್ಗಾಪೂಜೆ, ಇದರಲ್ಲಿ ಯಾವುದು ಯಾರಿಗೆ ಮುಖ್ಯ ಅಂತ ಕೇಳಿ. ಬುಕಿಂಗ್ ತೆರೆದ ದಿನ ಸ್ಲೀಪರ್ ಟಿಕೆಟ್ ನೀವೇ ಮಾಡಿಸಿ, ಹೋಗಿಬರುವ ಎರಡೂ. ಅದೇ ನಿಮ್ಮ ಉಡುಗೊರೆ. ಹೋದ ದಿನಗಳ ಸಂಬಳ ಕತ್ತರಿಸಬೇಡಿ. ವಾಪಸ್ ಬರಲ್ಲ ಅಂತ ಭಯಪಟ್ಟು ಒಂದು ತಿಂಗಳ ಸಂಬಳ ಹಿಡಿದಿಟ್ಟುಕೊಳ್ಳುವ ಪದ್ಧತಿ ನಿಮ್ಮಲ್ಲಿದ್ದರೆ ಈ ವರ್ಷವೇ ಬಿಡಿ. ದುಡ್ಡು ಹಿಡಿದುಕೊಂಡರೆ ಜನ ದುಡ್ಡಿಗಾಗಿ ಬರುತ್ತಾರೆ, ಆಮೇಲೆ ಹೋಗೇ ಹೋಗುತ್ತಾರೆ.

ಭಟ್ಟರಿಗೆ ಏನು ಬೇಕು ಅಂತ ಅವರನ್ನೇ ಕೇಳಿ. ಬೆಳಗ್ಗೆ ನಾಲ್ಕಕ್ಕೆ ಎದ್ದು ಇಡ್ಲಿ ಹಿಟ್ಟಿನ ಪಾತ್ರೆ ಎತ್ತುವವರಿಗೆ ಎಷ್ಟೋ ಸಲ ಬೇಕಾಗಿರೋದು ಇನ್ನೊಂದು ಕೈ. ಒಬ್ಬ ಸಹಾಯಕನನ್ನು ಹಾಕಿಕೊಟ್ಟರೆ ಅವರಿಗೆ ಅದೇ ದೊಡ್ಡದು.

ಪ್ರಶ್ನೆ: ನಾನು ಗಾರ್ಮೆಂಟ್ಸ್‌ನಲ್ಲಿ ಟೈಲರ್, ಒಂಬತ್ತು ವರ್ಷದಿಂದ ಅದೇ ಫ್ಯಾಕ್ಟರಿ. ಐನೂರಕ್ಕೂ ಜಾಸ್ತಿ ಜನ ಇದ್ದೇವೆ. ಈ ಸಲ ಆರ್ಡರ್ ಕಡಿಮೆ ಅಂತ ಬೋನಸ್ ಕೊಡಲಿಲ್ಲ, ಸ್ವೀಟ್ ಬಾಕ್ಸ್ ಕೊಟ್ಟು ದೊಡ್ಡ ಸಾರ್ ಕೈ ಮುಗಿದರು. ಅವರು ಒಳ್ಳೆಯವರೇ. ಈಗ ಬೋನಸ್ ಕೇಳಿದರೆ ಉಪಕಾರ ಸ್ಮರಣೆ ಇಲ್ಲ ಅಂದುಕೊಳ್ಳಲ್ವಾ? (ರಾಮನಗರ)

ಉತ್ತರ: ಅಂದುಕೊಂಡರೆ ಅಂದುಕೊಳ್ಳಲಿ ಅಕ್ಕ, ನೀವು ಕೇಳಿ. ಅವರು ಕೈ ಮುಗಿದಿದ್ದು ಒಳ್ಳೆಯದು, ನೀವೂ ಮುಗಿಯಿರಿ. ಬೋನಸ್ ಲೆಕ್ಕ ಬೇರೆ.

ಈ ಬೋನಸ್ ಯಾರೋ ದಯೆ ತೋರಿಸಿ ಕೊಟ್ಟಿದ್ದಲ್ಲ. 1917ರಲ್ಲಿ, ಮೊದಲನೇ ಮಹಾಯುದ್ಧದ ಹೊತ್ತಿಗೆ, ಬಟ್ಟೆ ಗಿರಣಿಗಳಲ್ಲಿ ಸಂಬಳದ ಮೇಲೆ 10 ಪರ್ಸೆಂಟ್ ಯುದ್ಧದ ಬೋನಸ್ ಅಂತ ಶುರುವಾಯಿತು. ನಿಮ್ಮ ಹಾಗೆ ಬಟ್ಟೆಯ ಕೆಲಸ ಮಾಡುವವರಿಂದಲೇ ಶುರುವಾಗಿದ್ದು. ಆಮೇಲೆ ಎಷ್ಟೋ ಮುಷ್ಕರ, ಎಷ್ಟೋ ಕೋರ್ಟು ಕೇಸು ಆದ ಮೇಲೆ 1965ರಲ್ಲಿ ಕಾನೂನು ಬಂತು. ಆಗ ಕನಿಷ್ಠ 4 ಪರ್ಸೆಂಟ್ ಇತ್ತು. ಈಗ ಅದು 8.33, ಅಂದರೆ ವರ್ಷದ ಸಂಬಳದ ಹನ್ನೆರಡನೇ ಒಂದು ಪಾಲು. ಲೆಕ್ಕ ಹಾಕುವ ಸಂಬಳಕ್ಕೆ ಸರ್ಕಾರ ಒಂದು ಮಿತಿ ಇಟ್ಟಿರುವುದರಿಂದ ನಿಮ್ಮ ಪೂರ್ತಿ ತಿಂಗಳ ಸಂಬಳದಷ್ಟು ಬರದೆಯೂ ಇರಬಹುದು. ಆರ್ಡರ್ ಕಡಿಮೆ ಅನ್ನೋದು ಈ ಕನಿಷ್ಠ ಬೋನಸ್ ನಿಲ್ಲಿಸಲು ಕಾರಣ ಆಗಲ್ಲ. ಹೊಸ ಕಂಪನಿಗೆ ಮಾತ್ರ ಮೊದಲ ಐದು ವರ್ಷ ಲಾಭ ಬಂದ ವರ್ಷ ಕೊಟ್ಟರೆ ಸಾಕು ಅಂತ ವಿನಾಯಿತಿ ಇದೆ. ನೀವೇ ಒಂಬತ್ತು ವರ್ಷದಿಂದ ಅಲ್ಲಿ ಇದ್ದೀರಿ.

ಒಬ್ಬರೇ ಹೋಗಬೇಡಿ. ನಿಮ್ಮ ಲೈನಿನ ಐದಾರು ಜನ ಒಟ್ಟಿಗೆ ಎಚ್‌ಆರ್ ಹತ್ತಿರ ಹೋಗಿ, "2024-25ರ ಬೋನಸ್ ಎಷ್ಟು ಪರ್ಸೆಂಟ್, ಯಾವತ್ತು ಹಾಕುತ್ತೀರಿ" ಅಂತ ಒಂದು ಕಾಗದದಲ್ಲಿ ಬರೆದು ಕೊಡಿ. ಸೀಲ್ ಹಾಕಿದ ಒಂದು ಕಾಪಿ ಇಟ್ಟುಕೊಳ್ಳಿ. ಉತ್ತರ ಬರದಿದ್ದರೆ ಯೂನಿಯನ್ ಇದ್ದರೆ ಅವರನ್ನು, ಇಲ್ಲದಿದ್ದರೆ ಕಾರ್ಮಿಕ ಇಲಾಖೆಯ ಅಧಿಕಾರಿಯನ್ನು ನೋಡಿ. ದನಿ ಎತ್ತಬೇಕಾಗಿಲ್ಲ, ಮರ್ಯಾದೆಯಿಂದಲೇ ಕೇಳಿ. ದೊಡ್ಡ ಸಾರ್ ನೀವು ಹೇಳಿದಷ್ಟು ಒಳ್ಳೆಯವರಾದರೆ ಅವರಿಗೆ ಅರ್ಥವಾಗುತ್ತದೆ.

ಪ್ರಶ್ನೆ: ನಮ್ಮ ಮನೆ ಕೆಲಸಕ್ಕೆ ಬರುವವರು ಈ ವರ್ಷ ನನ್ನ ಆಪರೇಷನ್ ಸಮಯದಲ್ಲಿ ಹೇಳದೆಯೇ ಎರಡು ಹೊತ್ತು ಬಂದು ನೋಡಿಕೊಂಡರು. ಒಂದೆರಡು ಸಲ ಮಾತ್ರ ಉಟ್ಟ ರೇಷ್ಮೆ ಸೀರೆ ಕೊಡೋಣ ಅಂತಿದ್ದೇನೆ. ಸಾಕಾ? (ಹುಬ್ಬಳ್ಳಿ)

ಉತ್ತರ: ಎರಡು ಹೊತ್ತು ಬಂದ ದಿನಗಳ ಸಂಬಳ ಲೆಕ್ಕ ಹಾಕಿ ಕೊಟ್ಟಿದ್ದೀರಾ ಮೇಡಂ? ಇಲ್ಲ ಅಂದರೆ ಅದು ಮೊದಲು. ಅದರ ಮೇಲೆ ಒಂದು ತಿಂಗಳ ಸಂಬಳ ಜಾಸ್ತಿ ಕೊಡಿ, ಲಕೋಟೆಯಲ್ಲಿಟ್ಟು, ಕೂರಿಸಿ ಚಹಾ ಕೊಟ್ಟು. ಸೀರೆ ಕೊಡಬೇಕು ಅನ್ನಿಸಿದರೆ ಅಂಗಡಿಗೆ ಅವರನ್ನೇ ಕರೆದುಕೊಂಡು ಹೋಗಿ, ಬಣ್ಣ ಅವರು ಆರಿಸಲಿ.